ನೇಪಾಳದ 160 ರೂಪಾಯಿ ಎಂದಿನಿಂದಲೂ 160 ಆಗಿರಲಿಲ್ಲ

ಭಾರತದ ನೂರು ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ ಮೊದಲಿನಿಂದಲೂ ಇದ್ದದ್ದೇ, ಹಾಗಿದ್ದರೆ ನಿಮಗೆ ಸಿಕ್ಕಿರುವ ಕಠ್ಮಂಡುವಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ 101, ಮುಂದೆ ಇನ್ನೊಂದು ಕಡೆ 135 ಎಂದು ಏಕಿದೆ, ಗುಮಾಸ್ತ ತಪ್ಪು ಬರೆದನೇ ಎಂದು ಕೇಳಿದ್ದೀರಿ. ಗುಮಾಸ್ತ ಬರೆದದ್ದು ಸರಿಯಾಗಿಯೇ ಇದೆ. ಆ ಎರಡು ಅಂಕಿಗಳನ್ನು ನೋಡಿದ ಕೂಡಲೇ ನಿಮ್ಮ ಪುಸ್ತಕ ಯಾವ ಕಾಲದ್ದು ಎಂದು ಹೇಳಬಹುದು: 101 ಬರೆದ ಪುಟ 1966ರ ಜೂನ್‌ನಿಂದ ಈಚಿನದು, 135 ಬರೆದ ಪುಟ 1967ರ ಡಿಸೆಂಬರ್ ದಾಟಿದ್ದು.

ಈಗಿನ 160 ಜಾರಿಗೆ ಬಂದದ್ದು 1993ರ ಫೆಬ್ರುವರಿಯಲ್ಲಿ. ಅಂದಿನಿಂದ ಕದಲಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದೇ ದರ ಕಂಡವರಿಗೆ ಅದು ಸದಾ ಹಾಗೆಯೇ ಇತ್ತು ಅನ್ನಿಸುವುದು ಸಹಜ. ಆದರೆ ಅದಕ್ಕೂ ಹಿಂದಿನ ಮೂರು ದಶಕಗಳಲ್ಲಿ ಈ ದರ ಹಲವು ಬಾರಿ ಬದಲಾಗಿದೆ.

ಆ ದೇಶದ ಕೇಂದ್ರ ಬ್ಯಾಂಕಾದ ನೇಪಾಳ ರಾಷ್ಟ್ರ ಬ್ಯಾಂಕ್ ಸ್ಥಾಪನೆಯಾದದ್ದು 1956ರಲ್ಲಿ. ಅದಕ್ಕೆ ಮೊದಲು, ಅದಾದ ಕೆಲವು ವರ್ಷಗಳವರೆಗೂ, ಭಾರತದ ಗಡಿಗೆ ತಾಗಿದ ತರಾಯಿ ಬಯಲಿನಲ್ಲಿ ಭಾರತದ ನೋಟು ಧಾರಾಳವಾಗಿ ಓಡಾಡುತ್ತಿತ್ತು. ಬೆಟ್ಟದ ಕಡೆ ನೇಪಾಳದ ಬೆಳ್ಳಿ ನಾಣ್ಯ ನಡೆಯುತ್ತಿತ್ತು. ಎರಡರ ನಡುವಿನ ದರವನ್ನು ಪೇಟೆಯೇ ತೀರ್ಮಾನಿಸುತ್ತಿತ್ತು. 1960ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಭಾರತದ ನೂರಕ್ಕೆ 160 ಎಂದು ಸರ್ಕಾರಿ ದರ ಗೊತ್ತುಮಾಡಲಾಯಿತು.

ನಿಮ್ಮ 101ರ ಮೂಲ ಇರುವುದು ದೆಹಲಿಯಲ್ಲಿ. 1966ರ ಜೂನ್ 6ರಂದು ಇಂದಿರಾ ಗಾಂಧಿಯವರ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. 4.76 ರೂಪಾಯಿ ಇದ್ದ ಡಾಲರ್ ಒಮ್ಮೆಲೇ 7.50 ಆಯಿತು. ನೇಪಾಳ ಆಗ ಜೊತೆಗೆ ಇಳಿಯಲಿಲ್ಲ, ಡಾಲರಿಗೆ 7.62 ನೇಪಾಳಿ ರೂಪಾಯಿ ಎಂಬ ತನ್ನ ದರವನ್ನು ಹಾಗೆಯೇ ಉಳಿಸಿಕೊಂಡಿತು. ಕಾಗದ ತೆಗೆದುಕೊಂಡು 7.62ನ್ನು 7.50ರಿಂದ ಭಾಗಿಸಿ ನೋಡಿ. ಒಂದಕ್ಕೆ ಒಂದು, ಮೇಲೆ ಚೂರು. ಎರಡೂ ದೇಶಗಳ ರೂಪಾಯಿಗಳು ಹೆಚ್ಚುಕಡಿಮೆ ಸರಿಸಮವಾಗಿದ್ದ ಒಂದೂವರೆ ವರ್ಷ ಅದು.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಭಾರತದ ಸೇನೆಯಲ್ಲಿದ್ದ ಗೂರ್ಖಾ ಸೈನಿಕನೊಬ್ಬ ಮನೆಗೆ ನೂರು ರೂಪಾಯಿ ಕಳುಹಿಸಿದರೆ, ಮೇ ತಿಂಗಳಲ್ಲಿ ಮನೆಯವರ ಕೈಗೆ 160 ಬರುತ್ತಿತ್ತು. ಜುಲೈಯಲ್ಲಿ ಅದೇ ನೂರಕ್ಕೆ 101. ಸಂಬಳ ಅಷ್ಟೇ, ದುಡಿಮೆ ಅಷ್ಟೇ, ಊರಿಗೆ ತಲುಪಿದ್ದು ಮಾತ್ರ ಮೂರನೆಯ ಒಂದು ಪಾಲಿಗೂ ಮೀರಿ ಕಡಿಮೆ. ತರಾಯಿಯಿಂದ ಗಡಿಯಾಚೆಗೆ ಅಕ್ಕಿ ಮಾರುತ್ತಿದ್ದವನಿಗೂ ಅದೇ ಪೆಟ್ಟು. ಭಾರತದಿಂದ ಬಟ್ಟೆ, ಸಕ್ಕರೆ ತರಿಸುತ್ತಿದ್ದ ವರ್ತಕನಿಗೆ ಲಾಭ. ಇಂಥ ಸ್ಥಿತಿ ಹೆಚ್ಚು ದಿನ ನಡೆಯುವಂಥದ್ದಲ್ಲ. 1967ರ ನವೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡನ್ನು ಇಳಿಸಿತು. ಮರುತಿಂಗಳೇ ನೇಪಾಳ ತನ್ನ ರೂಪಾಯಿಯನ್ನು ಡಾಲರಿಗೆ 10.125ಕ್ಕೆ ಇಳಿಸಿತು. ಭಾರತ 7.50ರಲ್ಲೇ ಇತ್ತು. ಭಾಗಿಸಿದರೆ 1.35. ನಿಮ್ಮ 135 ಅದೇ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. 1971ರ ಕೊನೆಯಲ್ಲಿ 139, 1978ರಲ್ಲಿ 145. ವಿದೇಶಿ ವಿನಿಮಯದ ಮುಗ್ಗಟ್ಟಿನಲ್ಲಿ ಸಿಲುಕಿ 1985ರ ನವೆಂಬರ್ ಕೊನೆಗೆ ನೇಪಾಳ ಮತ್ತೆ ಅಪಮೌಲ್ಯ ಮಾಡಿದಾಗ 170. ಮರುವರ್ಷ 168. 1991ರ ಜುಲೈಯಲ್ಲಿ ಭಾರತ ರೂಪಾಯಿ ಇಳಿಸಿದಾಗ, 1966ರಂತೆ ಮಾಡದೆ ನೇಪಾಳವೂ ಜೊತೆಗೇ ಇಳಿಯಿತು, ದರ 165ಕ್ಕೆ ನಿಂತಿತು. 1993ರಲ್ಲಿ ಮತ್ತೆ 160.

ಅಲ್ಲಿಂದೀಚೆಗೆ ಏಕೆ ಬದಲಾಗಿಲ್ಲ? ಗಡಿ ತೆರೆದಿದೆ, ನೇಪಾಳದ ವ್ಯಾಪಾರದ ಸಿಂಹಪಾಲು ಭಾರತದ ಜೊತೆಗೇ ಇದೆ. ದರ ಬದಲಾಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿದರೆ ಸಾಕು, ಜನ ನೇಪಾಳಿ ನೋಟು ಕೊಟ್ಟು ಭಾರತದ ನೋಟು ಕೂಡಿಡಲು ಮುಗಿಬೀಳುತ್ತಾರೆ. ಆದ್ದರಿಂದಲೇ ರಾಷ್ಟ್ರ ಬ್ಯಾಂಕ್ ತನ್ನ ಬಳಿಯ ಡಾಲರ್ ಮಾರಿ ಭಾರತದ ರೂಪಾಯಿ ಕೊಂಡಾದರೂ ದರವನ್ನು ಕಾಯುತ್ತದೆ. ದರವನ್ನು ಪರಿಷ್ಕರಿಸಬೇಕು ಎಂಬ ಚರ್ಚೆ ಅಲ್ಲಿ ಆಗಾಗ ಏಳುತ್ತದೆ. ಕಾಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಪೆಟ್ಟು ಮೊದಲು ಯಾರಿಗೆ ಬೀಳುತ್ತದೆ ಎಂಬುದನ್ನು 1966 ತೋರಿಸಿಕೊಟ್ಟಿದೆ. ಬ್ಯಾಂಕಿನ ದಿನದ ಪಟ್ಟಿಯಲ್ಲಿ ಡಾಲರ್, ಯೂರೊಗಳ ಅಂಕಿ ಏರಿಳಿಯುತ್ತಿದ್ದರೂ ಭಾರತದ ನೂರರ ಸಾಲು ಮಾತ್ರ ಕೊಳ್ಳುವ ದರ 160.00, ಮಾರುವ ದರ 160.15 ಎಂದೇ ಇರುತ್ತದೆ.

ಇನ್ನು ನಿಮ್ಮ ಪುಸ್ತಕದ ವಿಚಾರ. ದಯವಿಟ್ಟು ಎಲ್ಲ ಮೊತ್ತಗಳನ್ನೂ 1.6ರಿಂದ ಭಾಗಿಸಬೇಡಿ. ಹಳೆಯ ಲೆಕ್ಕಗಳ ಬಗ್ಗೆ ಬರೆಯುವವರು ಇದನ್ನೇ ಮಾಡುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಲಾಭದ ವರ್ಷ ನಷ್ಟದ ವರ್ಷವಾಗಿಬಿಡುತ್ತದೆ. ಪ್ರತಿ ಬಾಬ್ತಿನ ದಿನಾಂಕ ನೋಡಿ, ಆ ದಿನದ ದರ ಹಾಕಿ. ದಿನಾಂಕಗಳು ನೇಪಾಳದಲ್ಲಿ ಬಳಸುವ ವಿಕ್ರಮ ಶಕೆಯಲ್ಲಿ ಇರುತ್ತವೆ, ನೇಪಾಳದ ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ ಶುರುವಾಗುತ್ತದೆ. ಅವರ ತಿಂಗಳುಗಳು ಸೌರಮಾನದವು, ಆದ್ದರಿಂದ ನಮ್ಮ ಚಾಂದ್ರಮಾನ ಪಂಚಾಂಗದ ಜ್ಯೇಷ್ಠ, ಮಾರ್ಗಶಿರಗಳಿಗೆ ಹೊಂದಿಸಲು ಹೋಗಬೇಡಿ. 1966ರ ಜೂನ್ 6 ಬರುವುದು ಅವರ 2023ರ ಜೇಠ್ ತಿಂಗಳಲ್ಲಿ. 1967ರ ಡಿಸೆಂಬರ್‌ನ ಬದಲಾವಣೆ 2024ರ ಮಂಸಿರ್‌ನಲ್ಲಿ. 160ರಿಂದ 101ಕ್ಕೆ, 101ರಿಂದ 135ಕ್ಕೆ ಜಿಗಿದ ಪುಟಗಳು ಈ ಎರಡು ತಿಂಗಳ ಆಸುಪಾಸಿನಲ್ಲೇ ಇರಬೇಕು. ಎಲ್ಲಾದರೂ ‘ಮೋಹರ್’ ಎಂಬ ಹಳೆಯ ನಾಣ್ಯದ ಹೆಸರು ಬರೆದಿದ್ದರೆ ಅದನ್ನು ಅರ್ಧ ರೂಪಾಯಿ ಎಂದು ಲೆಕ್ಕ ಹಿಡಿಯಿರಿ. ಬೆಟ್ಟದ ಕಡೆಯ ಗಿರಾಕಿಗಳ ಬಾಕಿಯಲ್ಲಿ ಅದು ಕಾಣಿಸುವ ಸಾಧ್ಯತೆ ಇದೆ.