ಕೆಟಿಎಂ ನಿಜವಾಗಿಯೂ ಆಫ್‌ರೋಡ್ ಬೈಕ್ ಕಂಪನಿಯೇ? ಅದರ ಇತಿಹಾಸ ಏನು, ಮಾಡೆಲ್‌ಗಳ ಹೆಸರಿಗೆ ಅರ್ಥ ಏನು?

ನೀವು ಕೇಳಿರುವುದು ಇಷ್ಟು. ನಿಮ್ಮೂರಲ್ಲಿ ಕೆಟಿಎಂ ಅಂದರೆ ಡ್ಯೂಕ್. ಆದರೆ ಅದು ಮೂಲದಲ್ಲಿ ಆಫ್‌ರೋಡ್ ಕಂಪನಿ ಅಂತ ಯಾರೋ ಹೇಳಿದ್ದಾರೆ. ಎಸ್‌ಎಕ್ಸ್, ಇಎಕ್ಸ್‌ಸಿ ಅಂತೆಲ್ಲ ಹೆಸರು ನೋಡಿ ತಲೆ ಕೆಟ್ಟಿದೆ.

ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಕೆಟಿಎಂ ಮಣ್ಣಲ್ಲಿ ಬೆಳೆದ ಕಂಪನಿ. ನೀವು ದಿನಾ ನೋಡುವ ಡ್ಯೂಕ್ ಇದೆಯಲ್ಲ, ಆ ಹೆಸರಿನ ಮೊದಲ ಬೈಕ್ ಕೂಡ ಮಣ್ಣಿನ ಬೈಕಿನ ಎಂಜಿನ್ ಇಟ್ಟುಕೊಂಡೇ ಹುಟ್ಟಿದ್ದು.

ನಾನೂ ಆರು ವರ್ಷ 200 ಡ್ಯೂಕ್ ಓಡಿಸಿದವನು. ಆಗೆಲ್ಲ ನನಗೂ ಇದು ಗೊತ್ತಿರಲಿಲ್ಲ. ಒಂದು ಭಾನುವಾರ ಗೆಳೆಯನ ಜೊತೆ ಕೋಲಾರದ ಕಡೆ ಒಂದು ಡರ್ಟ್ ಟ್ರ್ಯಾಕ್‌ಗೆ ಹೋಗಿದ್ದೆ. ಅಲ್ಲಿ ಒಬ್ಬರು ಹೊರದೇಶದಿಂದ ತರಿಸಿದ್ದ 250 ಎಸ್‌ಎಕ್ಸ್-ಎಫ್ ಇತ್ತು. ಅದನ್ನು ಒಂದು ಪೀಠದ ಮೇಲೆ ಎತ್ತಿ ಇಟ್ಟಿದ್ದರು, ಯಾಕೆಂದರೆ ಅದಕ್ಕೆ ಸೈಡ್ ಸ್ಟ್ಯಾಂಡೇ ಇಲ್ಲ. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ಕನ್ನಡಿ ಇಲ್ಲ. ಕೀ ಹಾಕುವ ತೂತು ಕೂಡ ಇಲ್ಲ. ಸೀಟು ನೆಲದಿಂದ ಸುಮಾರು 95 ಸೆಂಟಿಮೀಟರ್ ಎತ್ತರ. ಹತ್ತಿ ಕೂತರೆ ನನ್ನ ಕಾಲ ಬೆರಳ ತುದಿ ಅಷ್ಟೇ ನೆಲಕ್ಕೆ ತಾಗಿತು. ಇಡೀ ಬೈಕಿನ ತೂಕ 100 ಕೆಜಿ ಆಸುಪಾಸು. ಎಷ್ಟು ಓಡಿದೆ ಅಂತ ಮೀಟರ್ ಹುಡುಕಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಸಿಕ್ಕಿತು, ಅದರಲ್ಲಿ 31.4 ಅಂತ ಇತ್ತು. "ಅದು ಕಿಲೋಮೀಟರ್ ಅಲ್ಲ, ಗಂಟೆ" ಅಂದರು ಮಾಲೀಕರು. ಹತ್ತು ಗಂಟೆ ಓಡಿಸಿದರೆ ಎಂಜಿನ್ ಆಯಿಲ್ ಬದಲಿಸಬೇಕು. ಇನ್ನಷ್ಟು ಗಂಟೆ ಆದ ಮೇಲೆ ಎಂಜಿನ್ ಬಿಚ್ಚಿ ಪಿಸ್ಟನ್ನೇ ಹೊಸದು ಹಾಕಬೇಕು. ಅವತ್ತು ಮನೆಗೆ ಬಂದವನು ಈ ಕಂಪನಿಯ ಕಥೆ ಹುಡುಕಲು ಕೂತೆ. ಇವತ್ತಿಗೂ ಆ ಹುಚ್ಚು ಬಿಟ್ಟಿಲ್ಲ.

ಶುರುವಾಗಿದ್ದು ಆಸ್ಟ್ರಿಯಾದ ಮಟಿಗ್‌ಹೋಫೆನ್ ಅನ್ನುವ ಚಿಕ್ಕ ಊರಲ್ಲಿ. 1934ರಲ್ಲಿ ಹಾನ್ಸ್ ಟ್ರುಂಕೆನ್‌ಪೋಲ್ಜ್ ಅನ್ನುವವರು ಅಲ್ಲಿ ಒಂದು ರಿಪೇರಿ ಅಂಗಡಿ ಇಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸ್ವಂತ ಬೈಕ್ ಮಾಡೋಣ ಅನ್ನಿಸಿತು. ಆರ್100 ಅನ್ನುವ ಮೊದಲ ಬೈಕ್ 1953ರಲ್ಲಿ ಮಾರಾಟಕ್ಕೆ ಬಂತು. ಎಂಜಿನ್ ರೋಟಾಕ್ಸ್ ಅನ್ನುವ ಬೇರೆ ಕಂಪನಿಯದು. 20 ಜನ ಕೆಲಸಗಾರರು ಸೇರಿ ದಿನಕ್ಕೆ ಮೂರು ಬೈಕ್ ಮಾಡುತ್ತಿದ್ದರು. ಅದೇ ವರ್ಷ ಎರ್ನ್ಸ್ಟ್ ಕ್ರೋನ್‌ರೈಫ್ ಅನ್ನುವ ವ್ಯಾಪಾರಿ ಪಾಲುದಾರರಾದರು. ಕ್ರೋನ್‌ರೈಫ್, ಟ್ರುಂಕೆನ್‌ಪೋಲ್ಜ್, ಮಟಿಗ್‌ಹೋಫೆನ್. ಕೆ, ಟಿ, ಎಂ. ಇಷ್ಟೇ ಆ ಹೆಸರಿನ ಗುಟ್ಟು. 1962ರಲ್ಲಿ ಹಾನ್ಸ್ ತೀರಿಕೊಂಡರು, ಮಗ ಎರಿಕ್ ಕಂಪನಿ ನೋಡಿಕೊಂಡರು. ಆಗ ಕೆಟಿಎಂ ಅಂದರೆ ಮೊಪೆಡ್ಡು, ಸೈಕಲ್ಲು, ಚಿಕ್ಕಪುಟ್ಟ ಗಾಡಿ. ಆಸ್ಟ್ರಿಯಾದ ಸುತ್ತಮುತ್ತ ಬಿಟ್ಟರೆ ಹೆಚ್ಚಿಗೆ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಬದಲಿಸಿದ್ದು ಅಮೆರಿಕದ ಒಬ್ಬ ವ್ಯಕ್ತಿ. ಹೆಸರು ಜಾನ್ ಪೆಂಟನ್. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಮನುಷ್ಯ ಇವರೇ.

ಪೆಂಟನ್ ಒಹಾಯೋ ರಾಜ್ಯದವರು. 1959ರಲ್ಲಿ ಒಂದು ಬಿಎಂಡಬ್ಲ್ಯು ಬೈಕ್ ಹತ್ತಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ 52 ಗಂಟೆ 11 ನಿಮಿಷದಲ್ಲಿ ಹೋಗಿ ದಾಖಲೆ ಮಾಡಿದ್ದರು. ಆದರೆ ಅವರ ಜೀವ ಇದ್ದಿದ್ದು ಕಾಡುದಾರಿಯ ಎಂಡ್ಯೂರೋ ರೇಸ್‌ಗಳಲ್ಲಿ. ಆ ಕಾಲದಲ್ಲಿ ಅಂಥ ರೇಸ್‌ಗೆ ಜನ ತಂದು ನಿಲ್ಲಿಸುತ್ತಿದ್ದದ್ದು ದಪ್ಪ ದಪ್ಪ ಫೋರ್ ಸ್ಟ್ರೋಕ್ ಬೈಕ್‌ಗಳನ್ನು. ಕೆಸರಲ್ಲಿ ಒಮ್ಮೆ ಹೂತರೆ ಎತ್ತಲು ಎರಡಾಳು ಬೇಕು. ಹಗುರ ಬೈಕ್ ಇದ್ದರೆ ಅದೇ ದಾರಿಯಲ್ಲಿ ಆರಾಮಾಗಿ ಹೋಗಬಹುದಲ್ವಾ ಅನ್ನುವುದು ಪೆಂಟನ್ ವಾದ. ಆಗ ಅವರು ಸ್ವೀಡನ್ನಿನ ಹಸ್ಕ್‌ವಾರ್ನಾ ಬೈಕ್‌ಗಳನ್ನು ಅಮೆರಿಕದಲ್ಲಿ ಮಾರುತ್ತಿದ್ದರು. ಆದರೆ ಅವರಿಗೆ ಬೇಕಿದ್ದದ್ದು ಇನ್ನೂ ಚಿಕ್ಕದು, 125 ಸಿಸಿಯದು. 1967ರಲ್ಲಿ ಮಟಿಗ್‌ಹೋಫೆನ್‌ಗೇ ಹೋದರು. ತಮ್ಮದೇ 6,000 ಡಾಲರ್ ಕೊಟ್ಟು, ನನಗೆ ಬೇಕಾದ ಹಾಗೆ ಬೈಕ್ ಮಾಡಿಕೊಡಿ ಅಂದರು. ಕೆಟಿಎಂ ಒಪ್ಪಿಕೊಂಡಿತು. 1968ರಲ್ಲಿ ಜರ್ಮನಿಯ ಸ್ಯಾಕ್ಸ್ ಎಂಜಿನ್ ಹಾಕಿದ ಆ ಹಗುರ ಬೈಕ್‌ಗಳು ಅಮೆರಿಕಕ್ಕೆ ಬಂದಿಳಿದವು. ಟ್ಯಾಂಕಿನ ಮೇಲೆ ಬರೆದಿದ್ದದ್ದು ಕೆಟಿಎಂ ಅಂತಲ್ಲ, ಪೆಂಟನ್ ಅಂತ.

ಮಾಡೆಲ್‌ಗಳಿಗೆ ಅವರು ಇಟ್ಟ ಹೆಸರು ಕೇಳಿ. 125 ಸಿಸಿಗೆ ಸಿಕ್ಸ್ ಡೇ, 100 ಸಿಸಿಗೆ ಬರ್ಕ್‌ಶೈರ್, ಆಮೇಲೆ ಬಂದ 175ಕ್ಕೆ ಜ್ಯಾಕ್‌ಪೈನರ್, 400 ಸಿಸಿಗೆ ಮಿಂಟ್. ಎಲ್ಲವೂ ರೇಸ್‌ಗಳ ಹೆಸರು. ಜ್ಯಾಕ್ ಪೈನ್ ಅನ್ನುವುದು ಮಿಶಿಗನ್ ಕಾಡಿನ ಹಳೇ ಎಂಡ್ಯೂರೋ, ಮಿಂಟ್ 400 ನೆವಾಡಾ ಮರುಭೂಮಿಯ ರೇಸು. ಬೈಕ್ ಯಾವ ಮಣ್ಣಿಗೆ ಅಂತ ಹೆಸರಲ್ಲೇ ಗೊತ್ತಾಗುತ್ತಿತ್ತು. ಹತ್ತು ವರ್ಷ ಹೀಗೆ ನಡೆಯಿತು. 1978ರ ಹೊತ್ತಿಗೆ ಕೆಟಿಎಂ ಅಮೆರಿಕದಲ್ಲಿ ತನ್ನದೇ ಹೆಸರಲ್ಲಿ ಮಾರಲು ಶುರು ಮಾಡಿತು. ಪೆಂಟನ್ ಮಾರುತ್ತಿದ್ದ ಆ ಹಸ್ಕ್‌ವಾರ್ನಾ ಬ್ರ್ಯಾಂಡು 2013ರಿಂದ ಇದೇ ಕೆಟಿಎಂ ಬಳಗದಲ್ಲಿದೆ.

ಅಷ್ಟರಲ್ಲಿ ಯೂರೋಪಿನ ಮೋಟೋಕ್ರಾಸ್‌ನಲ್ಲೂ, ಅಂದರೆ ಮಣ್ಣಿನ ಟ್ರ್ಯಾಕ್ ರೇಸ್‌ನಲ್ಲೂ, ಹೆಸರು ಬಂದಿತ್ತು. 1970ರಲ್ಲಿ ಸ್ವಂತ ಎಂಜಿನ್ ಮಾಡಿದರು. 1974ರಲ್ಲಿ ಸೋವಿಯತ್ ರೈಡರ್ ಗೆನ್ನಾಡಿ ಮೊಯ್ಸೆಯೆವ್ 250 ಸಿಸಿ ವಿಶ್ವ ಚಾಂಪಿಯನ್ ಆದರು. 1977 ಮತ್ತು 1978ರಲ್ಲಿ ಮತ್ತೆ ಅವರೇ. ಆಮೇಲೆ 1984, 1985ರಲ್ಲಿ ಆಸ್ಟ್ರಿಯಾದವರೇ ಆದ ಹೈನ್ಸ್ ಕಿನಿಗಾಡ್ನರ್. ಅವರ ತಮ್ಮ ಮತ್ತು ಮಗ ಇಬ್ಬರೂ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿಯಬೇಕಾಯಿತು. ಮುಂದೆ ಬೆನ್ನುಹುರಿ ಸಂಶೋಧನೆಗೆ ದುಡ್ಡು ಕೊಡುವ ವಿಂಗ್ಸ್ ಫಾರ್ ಲೈಫ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಕಿನಿಗಾಡ್ನರ್ ಒಬ್ಬರು. ಈ ಆಟದಲ್ಲಿ ಗಾಯ ಅನ್ನುವುದು ದೂರದ ಮಾತಲ್ಲ ಅಂತ ನಿಮಗೂ ತಿಳಿದಿರಲಿ ಅಂತ ಇದನ್ನು ಹೇಳಿದೆ.

ಗೆಲುವು ಇದ್ದರೂ ಲೆಕ್ಕಪುಸ್ತಕ ಸರಿ ಇರಲಿಲ್ಲ. 1989ರಲ್ಲಿ ಎರಿಕ್ ತೀರಿಕೊಂಡರು. 1991ರ ಕೊನೆಗೆ ಕಂಪನಿ ದಿವಾಳಿ. ಅದನ್ನು ನಾಲ್ಕು ತುಂಡು ಮಾಡಿದರು: ರೇಡಿಯೇಟರ್, ಸೈಕಲ್, ಟೂಲ್ಸ್, ಮೋಟರ್‌ಬೈಕ್. ಮೋಟರ್‌ಬೈಕ್ ತುಂಡನ್ನು 1992ರಲ್ಲಿ ಸ್ಟೆಫಾನ್ ಪೀರರ್ ಅನ್ನುವ ಉದ್ಯಮಿ ಹಿಡಿದರು. (ಕೆಟಿಎಂ ಸೈಕಲ್ ಅಂತ ಈಗಲೂ ಬರುತ್ತದೆ. ಅದು ಬೇರೆ ಕಂಪನಿ.) ಪೀರರ್ ಕಾಲದಲ್ಲೇ ಆ ಕಿತ್ತಳೆ ಬಣ್ಣ ಬಂದು ಕೂತಿದ್ದು.

ಈಗ ಡ್ಯೂಕ್ ವಿಷಯ. ಕೆಟಿಎಂ ಹತ್ತಿರ ಎಲ್‌ಸಿ4 ಅನ್ನುವ ದೊಡ್ಡ ಸಿಂಗಲ್ ಸಿಲಿಂಡರ್ ಎಂಜಿನ್ ಇತ್ತು. 1980ರ ದಶಕದ ಕೊನೆಯಿಂದ ಎಂಡ್ಯೂರೋ ಬೈಕ್‌ಗೆ ಅದನ್ನು ಹಾಕುತ್ತಿದ್ದರು. 1994ರಲ್ಲಿ ಅದೇ ಎಂಜಿನ್ ಇಟ್ಟು ರಸ್ತೆಗೆ ಅಂತ ಒಂದು ಬೈಕ್ ಮಾಡಿದರು. ಅದೇ 620 ಡ್ಯೂಕ್. ನಮ್ಮಲ್ಲಿ 2012ರಲ್ಲಿ 200 ಡ್ಯೂಕ್ ಬಂದಾಗ ನಾವೆಲ್ಲ ನೋಡಿದ್ದು ಆ ಮರದ ಒಂದು ಕೊಂಬೆಯನ್ನು ಮಾತ್ರ.

ಡಕಾರ್ ರ‍್ಯಾಲಿ ಬಗ್ಗೆ ಹೇಳದಿದ್ದರೆ ಈ ಉತ್ತರಕ್ಕೆ ಅರ್ಥವಿಲ್ಲ. ಅದು ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ರೇಸು. 2001ರಲ್ಲಿ ಇಟಲಿಯ ಫಾಬ್ರಿಜಿಯೋ ಮೆಯೋನಿ ಕೆಟಿಎಂಗೆ ಮೊದಲ ಡಕಾರ್ ಗೆದ್ದುಕೊಟ್ಟರು. ಆಗ ಅವರಿಗೆ 43 ವರ್ಷ. ಮರು ವರ್ಷವೂ ಗೆದ್ದರು. 2005ರ ಡಕಾರ್‌ನಲ್ಲಿ ಮಾರಿಟೇನಿಯಾದ ಮರಳಲ್ಲಿ ಬಿದ್ದು ಅವರು ತೀರಿಕೊಂಡರು. ಆ ವರ್ಷ ಗೆದ್ದ ಸಿರಿಲ್ ದೆಪ್ರೆ ಅವರದೂ ಕೆಟಿಎಂ ಬೈಕೇ. ಆ ವರ್ಷವೂ ಸೇರಿ ದೆಪ್ರೆ ಮತ್ತು ಸ್ಪೇನಿನ ಮಾರ್ಕ್ ಕೋಮಾ ಸರದಿ ಪ್ರಕಾರ ಅನ್ನುವ ಹಾಗೆ ತಲಾ ಐದು ಸಲ ಗೆದ್ದರು. 2001ರಿಂದ 2019ರ ತನಕ ಬೇರೆ ಯಾವ ಕಂಪನಿಯ ಬೈಕೂ ಗೆಲ್ಲಲಿಲ್ಲ. 2008ರಲ್ಲಿ ರ‍್ಯಾಲಿಯೇ ನಡೆಯಲಿಲ್ಲ. ಅದನ್ನು ಬಿಟ್ಟರೆ ಸಾಲಾಗಿ 18 ಗೆಲುವು. 2020ರಲ್ಲಿ ಹೋಂಡಾ ಆ ಸಾಲು ಮುರಿಯಿತು.

ಇದರಲ್ಲಿ ನಮ್ಮವರ ಹೆಸರೂ ಒಂದಿದೆ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ಪೂರ್ತಿ ಮುಗಿಸಿದರು. 36ನೇ ಸ್ಥಾನ. ಡಕಾರ್ ಮುಗಿಸಿದ ಮೊದಲ ಭಾರತೀಯ ಅವರು. ಓಡಿಸಿದ್ದು ಕೆಟಿಎಂ 450 ರ‍್ಯಾಲಿ. ಆ ಸುದ್ದಿ ಓದಿದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಇನ್ನು ನಿಮ್ಮ ಮಾಡೆಲ್ ಪ್ರಶ್ನೆ. ಕಷ್ಟ ಏನಿಲ್ಲ. ಮುಂದಿರುವ ಸಂಖ್ಯೆ ಹೆಚ್ಚುಕಮ್ಮಿ ಎಂಜಿನ್ ಸಿಸಿ. ಎಸ್‌ಎಕ್ಸ್ ಅಂದರೆ ಮೋಟೋಕ್ರಾಸ್, ಅಂದರೆ ಗುಡ್ಡ, ಜಂಪ್ ಇಟ್ಟು ರೇಸ್‌ಗೆ ಅಂತಲೇ ಮಾಡಿದ ಟ್ರ್ಯಾಕ್‌ಗೆ ಮಾತ್ರ. ನಾನು ಕೋಲಾರದಲ್ಲಿ ಹತ್ತಿ ಕೂತಿದ್ದು ಇದೇ ಜಾತಿ. ಕೊನೆಯಲ್ಲಿ ಎಫ್ ಇದ್ದರೆ ಫೋರ್ ಸ್ಟ್ರೋಕ್, ಇಲ್ಲದಿದ್ದರೆ ಟೂ ಸ್ಟ್ರೋಕ್. ಇಎಕ್ಸ್‌ಸಿ ಅಂದರೆ ಎಂಡ್ಯೂರೋ. ಕಾಡು, ಕಲ್ಲು, ಹಳ್ಳ, ನಡುವೆ ಒಂದಿಷ್ಟು ಟಾರು ರಸ್ತೆ, ಹೀಗೆ ಗಂಟೆಗಟ್ಟಲೆ ಹೋಗುವುದಕ್ಕೆ. ಹಾಗಾಗಿ ಲೈಟು ಇರುತ್ತದೆ, ಗೇರುಗಳ ಅಂತರ ಜಾಸ್ತಿ ಇರುತ್ತದೆ. ಎಕ್ಸ್‌ಸಿ ಅನ್ನುವುದು ಮುಖ್ಯವಾಗಿ ಅಮೆರಿಕದ ಕಾಡು ರೇಸ್‌ಗಳಿಗೆ. ಪುಟ್ಟ ಮಕ್ಕಳಿಗೆ 50 ಎಸ್‌ಎಕ್ಸ್‌ನಿಂದ ಶುರುವಾಗಿ 65, 85 ಅಂತ ಮೇಲಕ್ಕೆ ಹೋಗುತ್ತದೆ. ಅಡ್ವೆಂಚರ್ ಅನ್ನುವುದು ಸಾಮಾನು ಕಟ್ಟಿಕೊಂಡು ದೂರ ಹೋಗುವ ಬೈಕು.

ಎರಡು ಮಾಡೆಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು, 350 ಎಸ್‌ಎಕ್ಸ್-ಎಫ್. ಮೋಟೋಕ್ರಾಸ್‌ನ ದೊಡ್ಡ ವಿಭಾಗದಲ್ಲಿ 450 ಸಿಸಿ ತನಕ ಬಿಡುತ್ತಾರೆ, ಹಾಗಾಗಿ ಎಲ್ಲರೂ 450ನೇ ತರುತ್ತಿದ್ದರು. ಕೆಟಿಎಂ ಬೇಕೆಂದೇ 100 ಸಿಸಿ ಕಮ್ಮಿ ಮಾಡಿತು. ಶಕ್ತಿ ಸ್ವಲ್ಪ ಕಮ್ಮಿ ಆದರೂ ತಿರುವಲ್ಲಿ ಸಲೀಸು, ರೈಡರ್‌ಗೆ ಕೈ ಸೋಲುವುದಿಲ್ಲ. ಇಟಲಿಯ ಟೋನಿ ಕೈರೋಲಿ ಅದರ ಮೇಲೆ 2010ರಿಂದ 2014ರ ತನಕ ಸಾಲಾಗಿ ಐದು ವರ್ಷ ವಿಶ್ವ ಚಾಂಪಿಯನ್ ಆದರು. ನೋಡಿ, ಪೆಂಟನ್ 1967ರಲ್ಲಿ ಹೇಳಿದ್ದೂ ಇದನ್ನೇ ಅಲ್ವಾ?

ಇನ್ನೊಂದು, 300 ಇಎಕ್ಸ್‌ಸಿ. ಟೂ ಸ್ಟ್ರೋಕ್. ಪ್ರಪಂಚ ಎಲ್ಲ ಟೂ ಸ್ಟ್ರೋಕ್ ಬಿಟ್ಟಾಗಲೂ ಕೆಟಿಎಂ ಇದನ್ನು ಬಿಡಲಿಲ್ಲ. ಹೊಗೆ ನಿಯಮ ಬಿಗಿಯಾದಾಗ 2017ರಲ್ಲಿ ಇದಕ್ಕೆ ಫ್ಯೂಯೆಲ್ ಇಂಜೆಕ್ಷನ್ ಕೂರಿಸಿತು. ಆಯಿಲ್ ಬೇರೆ ಟ್ಯಾಂಕ್‌ಗೆ ಹಾಕಿದರೆ ಸಾಕು, ಪೆಟ್ರೋಲ್‌ಗೆ ಕೈಯಲ್ಲಿ ಬೆರೆಸುವ ಕೆಲಸ ಇಲ್ಲ. ಕಲ್ಲುಬಂಡೆ ಹತ್ತುವ ರೇಸ್‌ಗಳಲ್ಲಿ, ಉದಾಹರಣೆಗೆ ಆಸ್ಟ್ರಿಯಾದ ಎರ್ಜ್‌ಬರ್ಗ್ ಕಬ್ಬಿಣದ ಗಣಿಗುಡ್ಡದಲ್ಲಿ, ಈ ಎಂಜಿನ್ನಿನ ಬೆಲೆ ಗೊತ್ತಾಗುತ್ತದೆ. ಹಿಂಚಕ್ರದ ಶಾಕ್ ಅಬ್ಸಾರ್ಬರ್ ಕೂಡ ಹಾಗೆಯೇ. ಬೇರೆಯವರು ಶಾಕ್ ಕೆಳಗೆ ಲಿಂಕೇಜ್ (ನಡುವಿನ ಕೊಂಡಿಗಳು) ಹಾಕಿದರೆ, ಕೆಟಿಎಂ ಎಂಡ್ಯೂರೋ ಬೈಕ್‌ನಲ್ಲಿ ಎಷ್ಟೋ ವರ್ಷ ಶಾಕನ್ನು ನೇರವಾಗಿ ಸ್ವಿಂಗ್‌ಆರ್ಮ್‌ಗೆ (ಹಿಂಚಕ್ರ ಹಿಡಿಯುವ ತೋಳಿಗೆ) ಜೋಡಿಸಿತು. ಕಲ್ಲಿಗೆ ತಗುಲಲು ಕೆಳಗೆ ಏನೂ ಜೋತಾಡುವುದಿಲ್ಲ. 2024ರ ಮಾಡೆಲ್‌ನಲ್ಲೂ ಇದನ್ನೇ ಉಳಿಸಿಕೊಂಡರು.

ಇತ್ತೀಚಿನ ಸುದ್ದಿ ನೀವೂ ಕೇಳಿರಬಹುದು. 2024ರ ನವೆಂಬರ್‌ನಲ್ಲಿ ಕಂಪನಿ ಎರಡನೇ ಸಲ ಕುಸಿಯಿತು. ಗೋಡೌನ್ ತುಂಬ ಮಾರಾಟವಾಗದ ಬೈಕ್, ತಲೆ ಮೇಲೆ ಸಾಲ. 2025ರ ಫೆಬ್ರವರಿಯಲ್ಲಿ ಸಾಲ ಕೊಟ್ಟವರು ನೂರಕ್ಕೆ 30 ಕೊಟ್ಟರೆ ಸಾಕು ಅಂತ ಒಪ್ಪಿದರು. ಆ ದುಡ್ಡು ತಂದಿದ್ದು 2007ರಿಂದಲೇ ಪಾಲುದಾರರಾಗಿದ್ದ ನಮ್ಮ ಬಜಾಜ್. ಅದೇ ವರ್ಷದ ಕೊನೆಗೆ ಕಂಪನಿಯ ಹಿಡಿತವೂ ಬಜಾಜ್ ಕೈಗೆ ಬಂತು. ಮಟಿಗ್‌ಹೋಫೆನ್‌ನ ಮಣ್ಣಿನ ಬೈಕ್ ವಿಭಾಗವನ್ನು ಅವರು ಹಾಗೇ ಗಟ್ಟಿಯಾಗಿ ಉಳಿಸಿಕೊಳ್ಳಲಿ ಅಂತ ನನ್ನ ಆಸೆ.

ಇಲ್ಲಿ ಕೊಳ್ಳಬೇಕು ಅಂದರೆ: ಎಸ್‌ಎಕ್ಸ್ ಜಾತಿಯ ಬೈಕ್ ನಮ್ಮ ದೇಶದಲ್ಲಿ 2024ರ ಕೊನೆಯಿಂದ ಅಧಿಕೃತವಾಗಿ ಸಿಗುತ್ತಿದೆ. ಆದರೆ ಅದಕ್ಕೆ ನಂಬರ್ ಪ್ಲೇಟ್ ಸಿಗುವುದಿಲ್ಲ, ಟ್ರ್ಯಾಕ್‌ಗೆ ಗಾಡಿಯಲ್ಲಿ ಹೇರಿಕೊಂಡೇ ಹೋಗಬೇಕು. 350 ಇಎಕ್ಸ್‌ಸಿ-ಎಫ್ ಬೆಲೆ 2024ರಲ್ಲಿ ಬಂದಾಗ ಸುಮಾರು 13 ಲಕ್ಷ ಇತ್ತು. ದಿನಾ ರಸ್ತೆಯಲ್ಲೂ ಓಡಿಸಬೇಕು, ಭಾನುವಾರ ಮಣ್ಣಿಗೂ ಇಳಿಯಬೇಕು ಅಂದರೆ 2025ರಲ್ಲಿ ಬಂದ 390 ಎಂಡ್ಯೂರೋ ಆರ್ ನೋಡಿ. 399 ಸಿಸಿ, ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರ. ಗುಂಡಿಗೆ, ಕಲ್ಲಿಗೆ ಆ 21 ಇಂಚಿನ ಚಕ್ರವೇ ಬೇಕು. ಆದರೆ ಸೀಟು ಎತ್ತರ. ನೀವು ಕುಳ್ಳಗಿದ್ದರೆ ಶೋರೂಮ್‌ಗೆ ಹೋಗಿ ಹತ್ತಿ ಕೂತು, ಒಂದು ಕಾಲಾದರೂ ಗಟ್ಟಿಯಾಗಿ ನೆಲಕ್ಕೆ ಊರುತ್ತಾ ಅಂತ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ.