ಓದುಗರ ಪ್ರಶ್ನೆ: ಆಸ್ಪತ್ರೆ ಸಿಬ್ಬಂದಿಗೆ ಕೈ ಶುಚಿಯ ತರಬೇತಿ

ಪ್ರಶ್ನೆ: ಹೊಸದಾಗಿ ಸೇರಿದ ನರ್ಸ್‌ಗಳು ತರಬೇತಿಯಲ್ಲಿ ಕೈ ಉಜ್ಜುವ ಹಂತಗಳನ್ನು ತಪ್ಪಿಲ್ಲದೆ ಮಾಡಿ ತೋರಿಸುತ್ತಾರೆ. ವಾರ್ಡಿಗೆ ಬಂದ ಮೇಲೆ ಎಷ್ಟೋ ಸಲ ಕೈ ಶುಚಿಯೇ ಬಿಟ್ಟುಹೋಗುತ್ತದೆ. ಅದೇ ತರಬೇತಿ ಮತ್ತೆ ಕೊಡಬೇಕೆ?

ಉತ್ತರ: ಅದೇ ತರಬೇತಿ ಬೇಡ. ಹೇಗೆ ಉಜ್ಜಬೇಕೆಂಬುದು ಅವರಿಗೆ ಬಂದಿದೆ, ಯಾವಾಗ ಎಂಬುದು ಇನ್ನೂ ಬಂದಿಲ್ಲ. ಅದನ್ನು ವಾಶ್‌ಬೇಸಿನ್ ಮುಂದೆ ನಿಲ್ಲಿಸಿ ಕಲಿಸಲಾಗದು, ಹಾಸಿಗೆಯ ಪಕ್ಕದಲ್ಲೇ ಕಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಂದರ್ಭಗಳು ಐದು: ರೋಗಿಯನ್ನು ಮುಟ್ಟುವ ಮುನ್ನ, ಸೋಂಕು ತಗುಲದಂತೆ ಮಾಡಬೇಕಾದ ಕೆಲಸಕ್ಕೆ ಮುನ್ನ, ರಕ್ತ, ಮೂತ್ರದಂಥವು ತಗುಲಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಹೆಚ್ಚಾಗಿ ತಪ್ಪಿಹೋಗುವುದು ‘ಮುನ್ನ’ ಎಂಬ ಎರಡು. ಕೆಲಸ ಮುಗಿದ ಮೇಲೆ ಕೈ ಕೊಳೆಯಾಗಿದೆ ಎಂದು ನಮಗೇ ಅನಿಸುತ್ತದೆ, ಶುರುವಿನಲ್ಲಿ ಹಾಗೆ ಅನಿಸುವುದಿಲ್ಲ.

ಅಭ್ಯಾಸಕ್ಕೆ ಐ.ವಿ. (ರಕ್ತನಾಳಕ್ಕೆ ಕೊಡುವ) ಇಂಜೆಕ್ಷನ್‌ನ ಕೆಲಸವನ್ನೇ ತೆಗೆದುಕೊಳ್ಳಿ. ಬಾಗಿಲಲ್ಲಿ ಹ್ಯಾಂಡ್‌ರಬ್ (ಕೈಗೆ ಹಚ್ಚುವ ಆಲ್ಕೋಹಾಲ್ ಸ್ಯಾನಿಟೈಸರ್) ಹಚ್ಚಿಕೊಂಡು ಬಂದವರು ಪರದೆ ಎಳೆಯುತ್ತಾರೆ, ಮಂಚದ ಕಂಬಿ ಇಳಿಸುತ್ತಾರೆ, ರೋಗಿಯ ತೋಳನ್ನು ಸರಿಯಾಗಿ ಇಡುತ್ತಾರೆ, ಅದೇ ಕೈಯಲ್ಲಿ ಕ್ಯಾನುಲಾದ (ರಕ್ತನಾಳದೊಳಗೆ ಇಟ್ಟಿರುವ ಸಣ್ಣ ನಳಿಕೆಯ) ಮುಚ್ಚಳ ತೆಗೆಯುತ್ತಾರೆ. ಬಾಗಿಲಲ್ಲಿದ್ದ ಶುಚಿ ಅಷ್ಟು ಹೊತ್ತಿಗೆ ಉಳಿದಿರುವುದಿಲ್ಲ. ರೋಗಾಣು ಅಲ್ಲಿಂದ ನೇರ ರಕ್ತಕ್ಕೇ ಇಳಿಯಬಹುದು. ಗೊಂಬೆಯನ್ನು ಮಲಗಿಸಿ ಇಷ್ಟನ್ನೂ ಮಾಡಿಸಿ. ಪರದೆ ಎಳೆದ ಮೇಲೆ ರೋಗಿಯನ್ನು ಮುಟ್ಟುವ ಮುನ್ನ ಒಮ್ಮೆ, ಮುಚ್ಚಳಕ್ಕೆ ಕೈ ಹಾಕುವ ಮುನ್ನ ಇನ್ನೊಮ್ಮೆ ಕೈ ಉಜ್ಜಬೇಕು. ಮರೆತರೆ ನೋಡುತ್ತಿರುವ ಸಹೋದ್ಯೋಗಿ ಅಲ್ಲೇ ತಡೆಯಲಿ. ಹ್ಯಾಂಡ್‌ರಬ್ ಬಾಟಲಿ ಮಾತ್ರ ಕೈಗೆಟಕುವಷ್ಟು ಹತ್ತಿರವಿರಲಿ. ತುಂಬಿದ ಸಿರಿಂಜ್ ಸಿದ್ಧ ಮಾಡಿಕೊಂಡವರು ಮತ್ತೆ ಬಾಗಿಲವರೆಗೆ ಹೋಗಿ ಬರುವುದಿಲ್ಲ. ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ, ಬಾಟಲಿ ಇಟ್ಟ ಜಾಗವೇ ತಪ್ಪು.

ಪ್ರಶ್ನೆ: ಕೈ ಸರಿಯಾಗಿ ಶುಚಿಯಾಗಿದೆಯೇ ಎಂದು ಪರೀಕ್ಷಿಸಲು ನೇರಳಾತೀತ ದೀಪದ ಕೆಳಗೆ ನೋಡುವಾಗ, ಹೊಳೆಯುವ ಭಾಗ ಶುಚಿಯೋ ಕೊಳೆಯೋ ಎಂದು ಗೊಂದಲವಾಗುತ್ತದೆ.

ಉತ್ತರ: ಪರೀಕ್ಷೆ ಎರಡು ಬಗೆ, ಫಲಿತಾಂಶವನ್ನು ಓದುವುದು ತಿರುವುಮುರುವು. ಹೊಳೆಯುವ ದ್ರವ್ಯವನ್ನು ಹ್ಯಾಂಡ್‌ರಬ್‌ಗೇ ಬೆರೆಸಿದ್ದರೆ, ಕಪ್ಪಾಗಿ ಕಾಣುವುದು ಬಿಟ್ಟುಹೋದ ಜಾಗ. ಮೊದಲು ಹೊಳೆಯುವ ಲೋಷನ್ ಹಚ್ಚಿ ಆಮೇಲೆ ಸೋಪಿನಿಂದ ತೊಳೆದಿದ್ದರೆ, ಇನ್ನೂ ಹೊಳೆಯುತ್ತಿರುವುದು ತೊಳೆಯದ ಜಾಗ. ಯಾವುದೆಂದು ಮೊದಲೇ ಹೇಳಿಬಿಡಿ. ಎರಡರಲ್ಲೂ ಸಾಮಾನ್ಯವಾಗಿ ತಪ್ಪುವುದು ಹೆಬ್ಬೆರಳು, ಬೆರಳ ತುದಿ, ಅಂಗೈಯ ಹಿಂಭಾಗ. ಬೆರಳ ತುದಿಗಳೇ ರೋಗಿಯನ್ನು ಎಲ್ಲಕ್ಕಿಂತ ಹೆಚ್ಚು ಮುಟ್ಟುತ್ತವೆ, ಆದ್ದರಿಂದ ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸುವುದನ್ನೂ ತುದಿಗಳನ್ನು ಅಂಗೈಗೆ ಒತ್ತಿ ಸುತ್ತ ಉಜ್ಜುವುದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಿಸಿ. ಬೊಗಸೆಯಾಗಿಸಿದ ಒಂದು ಅಂಗೈ ತುಂಬ ಹ್ಯಾಂಡ್‌ರಬ್ ತೆಗೆದುಕೊಳ್ಳಬೇಕು. ಎರಡು ಹನಿ ತೆಗೆದುಕೊಂಡರೆ ಅದು ತುದಿ ತಲುಪುವ ಮುನ್ನವೇ ಆರಿಹೋಗುತ್ತದೆ. ಹ್ಯಾಂಡ್‌ರಬ್‌ಗೆ 20ರಿಂದ 30 ಸೆಕೆಂಡ್, ಸೋಪು-ನೀರಿನ ಪೂರ್ತಿ ಕ್ರಮಕ್ಕೆ 40ರಿಂದ 60 ಸೆಕೆಂಡ್. ಉಂಗುರ ತೆಗೆಸಿ. ಉಗುರು ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಿರಲಿ.

ಪ್ರಶ್ನೆ: ಗ್ಲೌಸ್ ಮೇಲೆಯೇ ಸ್ಯಾನಿಟೈಸರ್ ಹಚ್ಚಬಹುದೆ?

ಉತ್ತರ: ಹಚ್ಚಬಾರದು. ಆಲ್ಕೋಹಾಲ್‌ನಿಂದ ಗ್ಲೌಸ್ ಹಾಳಾಗಬಹುದು. ತೆಗೆದು, ಕೈ ಉಜ್ಜಿ, ಹೊಸದು ಹಾಕಿಕೊಳ್ಳಿ. ಕಾಣದ ಸಣ್ಣ ತೂತುಗಳಿಂದಲೂ ತೆಗೆಯುವಾಗಲೂ ಕೈಗೆ ಕೊಳೆ ತಗುಲುತ್ತದೆ, ಆದ್ದರಿಂದ ಗ್ಲೌಸ್ ಕಳಚಿದ ನಂತರ ಕೈ ಶುಚಿ ತಪ್ಪಬಾರದು.

ಪ್ರಶ್ನೆ: ಹ್ಯಾಂಡ್‌ರಬ್ ಹಚ್ಚಿದರೆ ಕೈ ಉರಿಯುತ್ತದೆ. ಅದನ್ನು ಬಿಟ್ಟು ಸೋಪನ್ನೇ ಬಳಸಲೆ?

ಉತ್ತರ: ಉರಿಯುವುದು ಚರ್ಮ ಆಗಲೇ ಬಿರಿದಿರುವುದರಿಂದ. ಬಿರಿಯಲು ಹೆಚ್ಚಾಗಿ ಕಾರಣ ಪದೇ ಪದೇ ಸೋಪು ಹಾಕುವುದು, ಬಿಸಿ ನೀರು, ಒದ್ದೆ ಕೈಗೇ ಗ್ಲೌಸ್ ಏರಿಸುವುದು. ಗ್ಲಿಸರಿನ್ ಇರುವ ಹ್ಯಾಂಡ್‌ರಬ್ ಸೋಪಿಗಿಂತ ಚರ್ಮಕ್ಕೆ ಮೃದು. ಕೈಯಲ್ಲಿ ಕೊಳೆ ಕಣ್ಣಿಗೆ ಕಾಣುವಾಗ, ಶೌಚಾಲಯಕ್ಕೆ ಹೋಗಿ ಬಂದಾಗ, ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾದ ರೋಗಿಯನ್ನು ನೋಡಿಕೊಂಡಾಗ ಸೋಪೇ ಆಗಬೇಕು. ಈ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಉಳಿದೆಡೆ ಹ್ಯಾಂಡ್‌ರಬ್ ಸಾಕು. ಎರಡನ್ನೂ ಒಂದರ ಹಿಂದೊಂದು ಹಚ್ಚಬೇಡಿ. ಪಾಳಿ ಮುಗಿದ ಮೇಲೆ ಮಾಯಿಶ್ಚರೈಸರ್ ಹಚ್ಚಿ. ಬಿರುಕು ವಾಸಿಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ, ಮೇಲ್ವಿಚಾರಕರಿಗೂ ತಿಳಿಸಿ, ಏಕೆಂದರೆ ಬಿರಿದ ಚರ್ಮದಲ್ಲಿ ರೋಗಾಣುಗಳು ಹೆಚ್ಚು ನೆಲೆಸುತ್ತವೆ.