ಅತ್ತವಳ ಮೇಲೇ ತಪ್ಪು ಹೊರಿಸುವುದೇ?

ಶಿರಸಿ ಸೀಮೆಯ ಅಜ್ಜಿಯೊಬ್ಬರ ಪತ್ರ: “ಎರಡು ವರ್ಷದ ಮೊಮ್ಮಗನಿಗೆ ಮೈತುಂಬ ಇಸುಬು, ಮಳೆ ಹಿಡಿದರೆ ಉಬ್ಬಸ. ಸೊಸೆ ಬಸುರಿಯಿದ್ದಾಗ ಸದಾ ಅಳುತ್ತಿದ್ದಳು, ಬಾಣಂತನದಲ್ಲೂ ಮಂಕು. ತಾಯಿಯ ಚಿಂತೆಯಿಂದ ಮಗುವಿಗೆ ಅಲರ್ಜಿ ಬರುತ್ತದೆಂದು ಓದಿದೆ. ಅವಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ.”

ಅಮ್ಮಾ, ನೀವು ಓದಿದ್ದು ಸುಳ್ಳಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991-92ರಲ್ಲಿ ಬಸುರಿಯರಾಗಿದ್ದ ಸಾವಿರಾರು ಹೆಂಗಸರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ತೀರಾ ಆತಂಕದಲ್ಲಿದ್ದ ತಾಯಂದಿರ ಮಕ್ಕಳಲ್ಲಿ ಏಳೂವರೆ ವಯಸ್ಸಿಗೆ ಅಸ್ತಮಾ ಹೆಚ್ಚು ಕಂಡಿತು. ಇಷ್ಟು ಒಪ್ಪುತ್ತೇನೆ. ಆದರೆ ಸಾವಿರಾರು ಮಕ್ಕಳ ಲೆಕ್ಕ ಹಿಡಿದು ನಿಮ್ಮ ಮೊಮ್ಮಗನ ಇಸುಬಿಗೆ ಕಾರಣ ಹೇಳಲಾಗದು. ಚರ್ಮದ ಕಾವಲನ್ನೇ ಸಡಿಲ ಮಾಡುವ ಫಿಲಾಗ್ರಿನ್ ಜೀನಿನ ದೋಷಕ್ಕೂ ಇಸುಬಿಗೂ ಇರುವ ನಂಟು 2006ರಲ್ಲಿ ಗೊತ್ತಾಯಿತು. ಅದು ಅಪ್ಪನ ಕಡೆಯಿಂದಲೂ ಬರುತ್ತದೆ. ನಿಮ್ಮ ಮಗನಿಗೆ ಎಳವೆಯಲ್ಲಿ ಇಸುಬು ಇತ್ತೇ? ಪತ್ರದಲ್ಲಿ ಅವನ ಸುದ್ದಿಯೇ ಇಲ್ಲ.

ತಾಯಿಯ ತಲೆಗೆ ಕಟ್ಟುವ ಚಾಳಿ ಹಳೆಯದು. ಕಳೆದ ಶತಮಾನದ ಮಧ್ಯದಲ್ಲಿ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಸಂಗಡಿಗರು, ಉಬ್ಬಸದ ಸದ್ದೆಂದರೆ ಅಮ್ಮನಿಗಾಗಿ ಅದುಮಿಟ್ಟ ಅಳು ಎಂದರು. ಅಮೆರಿಕದ ಡೆನ್ವರಿನಲ್ಲಿ ಉಬ್ಬಸದ ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ತಿಂಗಳುಗಟ್ಟಲೆ ಬೇರೆ ಇಟ್ಟರು. ಮನೆ ಬಿಟ್ಟಾಗ ಅಮ್ಮನಷ್ಟೇ ಅಲ್ಲ, ಮನೆಯ ಧೂಳೂ ದೂರವಾಗುತ್ತಿತ್ತು. ಆ ಧೂಳಿನಲ್ಲಿದ್ದು ಉಬ್ಬಸ ಕೆರಳಿಸುವ ನುಸಿಯನ್ನು ನೆದರ್ಲೆಂಡಿನವರು ತೋರಿಸಿಕೊಟ್ಟದ್ದು 1964ರಲ್ಲಿ. ನಮ್ಮ ತೆಂಗಿಗೆ ಬಂದ ನುಸಿಯ ದೂರದ ಬಂಧು ಅದು. ತೇವ ಹಿಡಿದ ಹಾಸಿಗೆಯೆಂದರೆ ಅದಕ್ಕೆ ಹಬ್ಬ.

ಸಿದ್ದಾಪುರದ ಕಡೆ ಪರಿಚಿತರ ಮನೆಯಲ್ಲಿ ಆಷಾಢದ ಬಾಣಂತಿ ಕೋಣೆ ನೋಡಿದ್ದೇನೆ. ಕಿಟಕಿ ಬಿಗಿಯಾಗಿ ಮುಚ್ಚಿತ್ತು. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ, ಹೊಗೆ ನಾರುವ ಬಟ್ಟೆಯಲ್ಲಿ ಕೂಸನ್ನು ಸುತ್ತಿದ್ದರು. ಕಂಬಳಿಯ ಅಂಚಿಗೆ ಬಿಳಿ ಬೂಷ್ಟು, ಮೂಲೆಯಲ್ಲಿ ಕೆಂಡದ ಮೇಲೆ ಲೋಬಾನ. ಕೂಸಿನ ಎದೆ ಗೊರಗೊರ. ಜಗಲಿಯಲ್ಲಿ ಕವಳ ಹಾಕುತ್ತಿದ್ದ ಹಿರಿಯರು ಹೇಳಿದ್ದು: “ಬಸುರಿ ಅಳ್ತಾ ಕೂತ್ರೆ ಹೀಗೇ.”

ಅವಳು ಯಾಕೆ ಅತ್ತಳೆಂದು ಅಲ್ಲಿ ಯಾರೂ ಕೇಳಲಿಲ್ಲ. ನೀವೂ ಬರೆದಿಲ್ಲ. ಸೊಸೆಯ ಮಂಕು ನಿಮ್ಮ ಕಣ್ಣಿಗೆ ಬಿತ್ತಲ್ಲ, ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ಆದರೆ ಕಂಡಮೇಲೆ ಪಕ್ಕ ಕೂತು ಕೇಳಬೇಕಿತ್ತು. ನಮ್ಮ ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನೂರಕ್ಕೆ 22 ತಾಯಂದಿರಿಗೆ ಹೆರಿಗೆಯ ನಂತರ ಖಿನ್ನತೆ. ರಾತ್ರಿಯಿಡೀ ಕೆರೆದುಕೊಳ್ಳುವ ಮಗುವಿನ ಕೈ ಹಿಡಿದು ಕೂತವಳಿಗೆ ಅದು ಇನ್ನಷ್ಟು ಕವಿಯದೆ ಇರುತ್ತದೆಯೇ?

ತಾಯಿ ಕಾರ್ಡ್ ಹಿಡಿದು ತೂಕ, ಬಿಪಿ, ಹಿಮೋಗ್ಲೋಬಿನ್ ಬರೆಸಿಕೊಂಡು ಬರುತ್ತೇವೆ. “ನಿದ್ದೆ ಬರ್ತದಾ ತಂಗಿ?” ಎಂದು ಕೇಳುವವರು ಎಷ್ಟು ಮಂದಿ? ಬಾಣಂತಿಯ ಖಿನ್ನತೆ ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ 10 ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆ ನಮ್ಮದು. ದೊಡ್ಡ ಆಸ್ಪತ್ರೆ ಬೇಕೆಂದು ಬೀದಿಗಿಳಿದಿದ್ದೇವೆ, ಇಳಿಯಲೇಬೇಕು. ಅಪಘಾತ, ಹೃದಯಾಘಾತಗಳ ಮಾತಾಡುವ ಆ ಸಭೆಗಳಲ್ಲಿ ಬಾಣಂತಿಯ ಮನಸ್ಸಿನ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಬುದ್ಧಿಮಾತು ಕೇಳಿದಿರಿ, ಅದನ್ನು ನಿಮಗೇ ಹೇಳುತ್ತೇನೆ. ಲೋಬಾನದ ಹೊಗೆ ಹಾಕುವುದಿದ್ದರೆ ನಿಲ್ಲಿಸಿ. ಮಕ್ಕಳ ಡಾಕ್ಟರು ಇನ್ಹೇಲರ್ ಬರೆದುಕೊಟ್ಟರೆ ಅಂಜಬೇಡಿ. ರಾತ್ರಿ ಮಗುವನ್ನು ನಿಮ್ಮ ಮಗ ಎತ್ತಿಕೊಳ್ಳಲಿ, ಸೊಸೆ ಮಲಗಲಿ. ಮಂಕು ಇನ್ನೂ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮುಂದಿನ ಪತ್ರ ಅವಳೇ ಬರೆಯಲಿ. ನಿಮ್ಮ ದೂರಿಗೆ ಕೊಟ್ಟಷ್ಟೇ ಜಾಗ ಅವಳ ಮಾತಿಗೂ ಕೊಡುತ್ತೇನೆ.

—ಸಂ.